ಹತ್ತು ತೂತಿನ ಕಾರ್ಡು

ವಿಮಾನ ಕಂಪನಿಯೊಂದರ ಪತ್ರ ಮೊನ್ನೆ ಬಂತು. ದಪ್ಪ, ನುಣುಪಾದ ಕಾಗದ. ಹೊಸ ಪುಸ್ತಕದ ವಾಸನೆ. ಆಫೀಸಿನ ಕೆಲಸಕ್ಕೆಂದು ಹೈದರಾಬಾದಿನಿಂದ ಹಾರಿ ಹಾರಿ ನಾನು ಕೂಡಿಸಿಟ್ಟ, ಪುಕ್ಕಟೆ ಟಿಕೆಟ್ ಕೊಡಿಸುವ ಅಂಕಗಳಿಗೆ ಇನ್ನು ಮೇಲೆ ಅರ್ಧ ಬೆಲೆಯಂತೆ. ಅಗ್ಗದ ವಿಮಾನಗಳು ಬಂದಿವೆ, ಪೈಪೋಟಿ ಹೆಚ್ಚಿದೆ, ಸಹಕರಿಸಿ ಎಂದು ಬರೆದಿದ್ದರು. ವಾದ ಮಾಡುವುದು ನನಗೆ ಊಟದಷ್ಟೇ ಇಷ್ಟ. ಪೆನ್ನು ಹಿಡಿದು ‘ಮೊದಲನೆಯದಾಗಿ’ ಎಂದು ಬರೆದೂ ಆಯಿತು. ಅಷ್ಟರಲ್ಲಿ ನೆಲೋಗಿಯ ಮೈಬೂಬಸಾಬರು ನೆನಪಾದರು.

ನೀವು ಅವರನ್ನು ನೋಡಿರಲಿಕ್ಕಿಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನೆಲೋಗಿಯಿಂದ ಜೇವರ್ಗಿಗೆ ಅವರದೊಂದು ಟೆಂಪೊ ಓಡುತ್ತಿತ್ತು. ಡ್ರೈವರ್, ಕಂಡಕ್ಟರ್, ಮಾಲಕ ಮೂರೂ ಅವರೇ. ಅವರ ತಂದೆ ಎತ್ತಿನ ಕೊರಳಿಗೆ ಚರ್ಮದ ಪಟ್ಟಿ ಹೊಲಿಯುತ್ತಿದ್ದವರು. ಪಟ್ಟಿಗೆ ತೂತು ಹಾಕುವ ಆ ಹಳೆಯ ಇಕ್ಕಳವನ್ನು ಮಗ ಸ್ಟೇರಿಂಗಿನ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಚಪ್ಪಲಿ ಡಬ್ಬಿಯ ರಟ್ಟು ಕತ್ತರಿಸಿ ಎಲ್ಲರಿಗೂ ಒಂದೊಂದು ಕಾರ್ಡು, ಸಲಕ್ಕೊಂದು ತೂತು, ಹತ್ತು ತೂತಾದರೆ ಹನ್ನೊಂದನೆಯ ಸಲ ಫುಕಟ್. ಈ ಉಪಾಯ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ವಿಮಾನವನ್ನು ಅವರು ಕಂಡದ್ದು ಹೊಲದಲ್ಲಿ ನಿಂತು, ಕತ್ತೆತ್ತಿ.

ನಾನಾಗ ಜೇವರ್ಗಿಯಲ್ಲಿ ಪಿಯುಸಿ. ಚರ್ಚಾಸ್ಪರ್ಧೆಯಲ್ಲಿ ಎರಡು ಪಾರಿತೋಷಕ ಗೆದ್ದಿದ್ದೆ. ಯಾರು ಏನೇ ಹೇಳಲಿ, ಎದುರಾಳಿಯ ಮಾತೆಂದೇ ಕೇಳುವ ರೋಗ ಅಂಟಿತ್ತು. ಈಗಲೂ ಪೂರ್ತಿ ಗುಣವಾಗಿಲ್ಲ, ನಮ್ಮ ಮನೆಯಲ್ಲಿ ಕೇಳಿ. ಟೆಂಪೊದಲ್ಲಿ ನನ್ನ ಪಕ್ಕ ದಿನಾ ಕೂರುತ್ತಿದ್ದವಳು ನಿಂಗವ್ವ. ಮೆಂತ್ಯಪಲ್ಯದ ಬುಟ್ಟಿಯೊಡನೆ ಜೇವರ್ಗಿ ಬಜಾರಿಗೆ ಹೋಗುವ ವಿಧವೆ. ತುಂಬಿದ ಕಾರ್ಡುಗಳನ್ನು ಬಳಸದೆ ಎಲೆಅಡಿಕೆ ಸಂಚಿಯಲ್ಲಿ ಕೂಡಿಡುತ್ತಿದ್ದಳು. ಅವಳ ಒಬ್ಬಳೇ ಮಗಳನ್ನು ಮಹಾರಾಷ್ಟ್ರದ ದಾರಿಯಲ್ಲಿರುವ ಖಜೂರಿಗೆ ಕೊಟ್ಟಿತ್ತು. ಚೊಚ್ಚಲ ಬಸಿರು. ಏಳು ತುಂಬಿದ ಮೇಲೆ ತವರಿಗೆ ಕರೆತರಬೇಕು. ನಾಲ್ಕು ಬಸ್ಸು ಹತ್ತಿಳಿದು, ಜನರ ಮೊಣಕೈ ತಾಗಿಸಿಕೊಂಡು ಅಲ್ಲ; ಆ ಕಾರ್ಡುಗಳ ಮೇಲೆ ಟೆಂಪೊದಲ್ಲಿ, ಕೂತಲ್ಲೇ ಕೂತು. ಅದು ಅವಳ ಹಟ.

ಆಗ ಅದೇ ದಾರಿಗೆ ಒಂದು ಜೀಪು ಬಂತು. ಅರ್ಧ ದರ, ಕಾರ್ಡೂ ಇಲ್ಲ, ಇಕ್ಕಳವೂ ಇಲ್ಲ. ಜನ ಮೀಸೆ ತಿರುವುತ್ತ ಅದರ ನೆತ್ತಿಯ ಮೇಲೂ ಕೂತರು. ವಿಧಿಯಿಲ್ಲದೆ ಮೈಬೂಬಸಾಬರೂ ದರ ಇಳಿಸಿದರು. ನನಗೆ ವಿಷಯ ಸಿಕ್ಕಿಬಿಟ್ಟಿತು. ತುಂಬಿದ ಟೆಂಪೊದಲ್ಲಿ ಕಂಬಿ ಹಿಡಿದು ನಿಂತು ಶುರು ಮಾಡಿದೆ.

“ಚಾಚಾ, ಹತ್ತೂ ಸಲ ನಾವು ಪೂರಾ ರೊಕ್ಕ ಕೊಟ್ಟೇವ್ರಿ. ಈಗ ನೀವು ಕೊಡೋ ಫುಕಟ್ ಸವಾರಿ ಅರ್ಧಾ ರೊಕ್ಕದ್ದು. ಉಳದರ್ಧ ಎಲ್ಲಿ ಹೋತ್ರಿ? ನಾಳಿ ಈ ಗಾಡೀನೇ ನಿಂತ್ರ?”

“ನಿಂತ್ರ ಇಳದು ದಬ್ಬಲೇ,” ಎಂದರು ಅವರು, ತಿರುಗಿಯೂ ನೋಡದೆ.

ಎಲ್ಲರೂ ನಕ್ಕರು. ಆದರೆ ನನ್ನ ವಾದ ಜನರ ಹೊಟ್ಟೆಯಲ್ಲಿ ಕೂತಿತ್ತು. ಮರುದಿನದಿಂದ ಒಬ್ಬೊಬ್ಬರೂ ಕೂಡಿಟ್ಟಿದ್ದ ಕಾರ್ಡು ತೆಗೆದರು. ಒಂದು ವಾರ ಟೆಂಪೊ ಗಿಜಿಗುಟ್ಟಿ ಓಡಿತು. ದುಡ್ಡು ಕೊಟ್ಟವರು ಕಡಿಮೆ. ಮೈಬೂಬಸಾಬರು ಒಬ್ಬರಿಗೂ ನಾಳೆ ಬಾ ಎನ್ನಲಿಲ್ಲ. ಪ್ರತಿ ಕಾರ್ಡನ್ನೂ ಇಸಿದುಕೊಂಡು, ತೂತುಗಳ ಮೇಲೆ ಬೆರಳಾಡಿಸಿ, ಹರಿದು, “ಕೂಡ್ರಿ” ಎನ್ನುತ್ತಿದ್ದರು. ವಾರ ಕಳೆದ ಮೇಲೆ ಸುದ್ದಿ ಬಂತು: ಅಫಜಲಪುರದವರೊಬ್ಬರು ಗಾಡಿ ಕೊಳ್ಳುತ್ತಾರಂತೆ.

ನಿಂಗವ್ವನ ಸಂಚಿಯಲ್ಲಿ ಒಂಬತ್ತು ತುಂಬಿದ ಕಾರ್ಡು. ಮಗಳಿಗೆ ಏಳು ತುಂಬಲು ಇನ್ನೂ ಹದಿನೈದು ದಿನ.

“ಎಲ್ಲಾರೂ ದಾಟಿಕೊಂಡ್ರು, ನಾ ಒಬ್ಬಾಕಿ ಉಳದೆ,” ಎಂದಳು. “ನಿನ್ನ ಬಾಯಿಗಿ ಬೀಗ ಹಾಕ್ಲಿ ತಮ್ಮಾ.”

“ನಾ ಮೊದಲೇ ಹೇಳಿದ್ನಿಲ್ಲ ಯವ್ವಾ, ಅವತ್ತಿಂದು ಅವತ್ತೇ ಬಳಸು ಅಂತ?” ಎಂದೆ. ಗೆದ್ದ ದನಿಯಲ್ಲೇ ಅಂದಿರಬೇಕು. ಅವಳು ಮುಖ ತಿರುಗಿಸಿದಳು.

ಆಮೇಲೆ ನಡೆದದ್ದು ನನ್ನ ಯಾವ ಲೆಕ್ಕದಲ್ಲೂ ಇರಲಿಲ್ಲ. ಮೈಬೂಬಸಾಬರು ಅಫಜಲಪುರದವರಿಗೆ ಹದಿನೈದು ದಿನ ತಡೆಯಿರಿ ಎಂದರು. ತಡೆದದ್ದಕ್ಕೆ ಅವರು ಬೆಲೆ ಕಡಿದರು, ಇವರು ಕಡಿಸಿಕೊಂಡರು. ಹದಿನಾರನೆಯ ದಿನ ಬೆಳಿಗ್ಗೆ ಟೆಂಪೊ ನಿಂಗವ್ವನ ಬಾಗಿಲಿಗೆ ಬಂತು. ಅವಳು ಮುಂದಿನ ಸೀಟಿಗೆ ಕೌದಿ ಹಾಸಿ, ಅಲ್ಲೇ ನಿಂತಿದ್ದ ನನ್ನನ್ನು ನೋಡಿ, “ನೀನೂ ಹತ್ತು. ಬೀಗರು ಏನರ ಅಂದ್ರ ವಾದಾ ಮಾಡಾಕ ಬೇಕಾಗ್ತಿ,” ಎಂದಳು.

ಕಲಬುರಗಿ ದಾಟಿ ಆಳಂದದ ಕಡೆ ಹೊರಳಿದಾಗ ನನಗೆ ತಡೆಯಲಾಗಲಿಲ್ಲ.

“ಚಾಚಾ, ಜೇವರ್ಗಿಗಿ ಒಂಬತ್ತು ಸಲ ಹೋಗೋ ಹಕ್ಕು ಈಕಿದು. ಖಜೂರಿಗಿ ಹೋಗಿ ಬರಾಕ ಅದು ಸಾಲಂಗಿಲ್ರಿ.”

“ನಿನ್ನ ಲೆಕ್ಕಾ ಬರೋಬರಿ ಅದ,” ಎಂದರು. “ಆದ್ರ ಮೊದಲ್ನೇ ಕಾರ್ಡು ತುಂಬಿದ ದಿನಾ ಈಕಿ ಅಂದಿದ್ಲು, ಇವೆಲ್ಲಾ ಕೂಡಿಟ್ಟು ಖಜೂರಿಗಿ ಹೋಗಿ ಮಗಳನ್ನ ತರ್ತೇನಿ ಅಂತ. ನಾ ಗೇರ್ ಹಾಕ್ಕೋತ ಹೂಂ ಅಂದೆ. ಅವತ್ತೇ ಲೆಕ್ಕಾ ಮಾಡಿ ಆಗಂಗಿಲ್ಲ ಅನ್ನಬೇಕಿತ್ತು. ಅನ್ಲಿಲ್ಲ.”

“ಗೇರ್ ಹಾಕ್ಕೋತ ಅಂದಿದ್ದು ಯಾವ ಜಬಾನ್ರೀ, ಅದೂ ಒಂದು ಕೊಟ್ಟ ಮಾತೇನ್ರಿ?”

“ನನ್ನ ಲಕ್ಷ್ಯ ಗೇರಿನ ಮ್ಯಾಗ ಇತ್ತು ಖರೇ. ಆಕೀದು ನನ್ನ ಮ್ಯಾಗೇ ಇತ್ತಲ್ಲೋ.”

ಆಳಂದದಲ್ಲಿ ಚಹಾಕ್ಕೆ ಇಳಿದಾಗ ಮೂವರ ರೊಕ್ಕವನ್ನೂ ನಾನೇ ಕೊಟ್ಟೆ.

ಬೀಗರು ಏನೂ ಅನ್ನಲಿಲ್ಲ. ಹೊಟ್ಟೆ ತುಂಬ ಉಣ್ಣಿಸಿ ಕಳಿಸಿದರು. ಬರುವಾಗ ಮಗಳು ಕೌದಿಯ ಮೇಲೆ ಕೂತಳು. ತಗ್ಗು ಬಂದಲ್ಲೆಲ್ಲ ಮೈಬೂಬಸಾಬರು ಟೆಂಪೊವನ್ನು ಹಾಲಿನ ಕೊಡ ಹೊತ್ತವರಂತೆ ದಾಟಿಸಿದರು. ನೆಲೋಗಿಯಲ್ಲಿ ನಿಂಗವ್ವ ಒಂಬತ್ತೂ ಕಾರ್ಡು ಕೈಗಿಟ್ಟಳು. ಅವರು ಒಂದೊಂದರ ತೂತಿನ ಮೇಲೂ ಬೆರಳಾಡಿಸಿ, ಹರಿದರು. ಮರುದಿನ ಟೆಂಪೊ ಹೋಯಿತು. ಮುಂದೆ ಅವರು ಹವಳಗಾದ ಕಡೆ ಕಬ್ಬಿನ ಲಾರಿ ಓಡಿಸುತ್ತಿದ್ದರೆಂದು ಕೇಳಿದೆ, ಬೇರೆಯವರ ಲಾರಿ. ನಾನು ಹೋಗಿ ತಪ್ಪಾಯಿತೆಂದು ಹೇಳಲಿಲ್ಲ. ಹೇಳಿದ್ದರೂ ಅದನ್ನೊಂದು ವಾದ ಮಾಡುತ್ತಿದ್ದೆನೇನೋ.

ಪತ್ರ ಮುಂದಿಟ್ಟುಕೊಂಡು ಹೀಗೆ ಕೂತಿದ್ದಾಗ ಅವ್ವ ಚಹಾ ತಂದಳು.

“ಏನದು?”

“ವಿಮಾನದವ್ರು ನನ್ನ ಅಂಕ ಅರ್ಧ ಮಾಡ್ಯಾರವ್ವ.”

ಅವಳು ಲೋಟವನ್ನು ಪತ್ರದ ಪಕ್ಕ ಇಟ್ಟಳು. “ಮತ್ತ ನಂದು? ಅವು ತುಂಬಿದ ಮ್ಯಾಗ ನನ್ನ ವಿಮಾನದಾಗ ಕೂಡಸ್ತೇನಿ ಅಂದಿದ್ದಿ. ಓಣಿಗೆಲ್ಲಾ ಹೇಳೀನಿ.”

ಯಾವಾಗ ಅಂದಿದ್ದೆ? ಪೇಪರ್ ಓದುತ್ತ ಅಂದಿರಬೇಕು. ನನಗೆ ನೆನಪಿರಲಿಲ್ಲ, ಅವಳಿಗಿತ್ತು. ಪೆನ್ನಿನ ಮುಚ್ಚಳ ಹಾಕಿದೆ. ಟಿಕೆಟ್ ಏಜೆಂಟನಿಗೆ ಫೋನ್ ಮಾಡಿ, ಅಗ್ಗದ ವಿಮಾನದಲ್ಲಿ ಎರಡು ಸೀಟು, ಪೂರ್ತಿ ರೊಕ್ಕಕ್ಕೇ ಇರಲಿ ಎಂದೆ.

ಅವ್ವ ಹತ್ತಿರ ಬಂದು ಪಿಸುಗುಟ್ಟಿದಳು: “ಕಿಟಕಿ ಬಾಜೂಕ ಸಿಗ್ತದೇನೋ?”

ಬಾಯಿಗೆ ಬಂದ ಹೂಂ ನುಂಗಿಕೊಂಡೆ. “ತಡಿ ಯವ್ವಾ,” ಎಂದೆ, “ಕೇಳಿ ಹೇಳ್ತೇನಿ.”