ಐಸ್ ಹಾಕಿ ಕೋಲೂ ಅತ್ತೆಯ ವೈಪರೂ

ನವರಾತ್ರಿಗೆ ಮುಂಚೆ ಒಂದು ಸಂಜೆ ಜಗತ್ ಸರ್ಕಲ್ ಹತ್ತಿರದ ಸ್ಪೋರ್ಟ್ಸ್ ಅಂಗಡಿಗೆ ಹೋಗಿ, “ಐಸ್ ಹಾಕಿ ಸ್ಟಿಕ್ ಅದ ಏನ್ರಿ?” ಅಂತ ಕೇಳಿದೆ.

ಅಂಗಡಿಯವರು ಯಾರಿಗೋ ಕ್ಯಾರಂ ಬೋರ್ಡ್ ತೋರಿಸುತ್ತಿದ್ದರು. ಕೈಯಲ್ಲಿದ್ದ ಸ್ಟ್ರೈಕರ್ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಾಟನ್ ಸೀರೆ, ಹೆಗಲಿಗೆ ಕಾಲೇಜಿನ ಬ್ಯಾಗು, ತಲೆಯಲ್ಲಿ ಧಾರಾಳವಾಗಿ ಬಿಳಿಕೂದಲು. ಹೊರಗೆ ಸಂಜೆಯಾದರೂ ಇಳಿಯದ ನಮ್ಮೂರ ಸೆಕೆ.

“ಹಾಕಿ ಸ್ಟಿಕ್ ಅದ ಮೇಡಂ. ಐಸ್ ಬೇಕಂದ್ರ ಎದುರಿಗೆ ಕಬ್ಬಿನ ಹಾಲಿನ ಅಂಗಡ್ಯಾಗ ಸಿಗ್ತದ ನೋಡ್ರಿ.”

ಅವರದೇನೂ ತಪ್ಪಿಲ್ಲ. ಕಲಬುರಗಿಯಲ್ಲಿ ಐಸ್ ಅಂದರೆ ಗ್ಲಾಸಿನೊಳಗೆ ಇರುವ ವಸ್ತು, ಕಾಲಕೆಳಗೆ ಅಲ್ಲ.

ಈ ಅಂಕಣವನ್ನು ಬಿಡದೆ ಓದುವವರಿಗೆ ನನ್ನ ಈ ಹುಚ್ಚು ಗೊತ್ತಿದೆ. ಹೊಸಬರಿಗೆ ಚುಟುಕಾಗಿ ಹೇಳುತ್ತೇನೆ. ಮಗಳನ್ನು ಸ್ಕೇಟಿಂಗ್ ಕ್ಲಾಸಿಗೆ ಸೇರಿಸಿ, ರಿಂಕ್ ಪಕ್ಕದ ಕಲ್ಲುಬೆಂಚಿನ ಮೇಲೆ ಕಾಯುತ್ತ ಕೂರುತ್ತಿದ್ದ ಅಮ್ಮಂದಿರಲ್ಲಿ ನಾನೂ ಒಬ್ಬಳು. ಒಂದು ದಿನ ಕೋಚ್ ಸರ್, “ಸುಮ್ನ ಕುಂತು ಏನ್ ಮಾಡ್ತೀರಿ? ನೀವೂ ಕಾಲಿಗೆ ಗಾಲಿ ಕಟ್ಕೋರಿ” ಅಂದರು. ಕಟ್ಟಿಕೊಂಡೆವು. ಮಗಳು ಆರು ತಿಂಗಳಿಗೆ ಬಿಟ್ಟಳು. ನಾನು ಬಿಡಲಿಲ್ಲ. (ಮನೆಯಲ್ಲಿ ಕ್ಲಾಸು ತಪ್ಪಿಸಬೇಡ ಅಂತ ಬೈಸಿಕೊಳ್ಳಬೇಕಾದವರು ಯಾರು ಅನ್ನುವುದೇ ಗೊಂದಲವಾಗಿತ್ತು.)

ಈಗ ನಮ್ಮದೊಂದು ಟೀಮ್ ಇದೆ. ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಸಿಮೆಂಟಿನ ಮೇಲೆ ಆಟ. ಕಾಲಿಗೆ ಸಾಲುಗಾಲಿಯ ಸ್ಕೇಟ್ಸು, ಚೆಂಡಿನ ಬದಲು ಒಂದು ಗಟ್ಟಿ ಬಿಲ್ಲೆ, ಕೈಯಲ್ಲಿ ಐಸ್ ಹಾಕಿಯವರು ಹಿಡಿಯುವಂಥದೇ ಉದ್ದ ಕೋಲು. ನಮ್ಮ ಗೋಲ್‌ಕೀಪರ್ ಫರ್ಜಾನಾ. ದರ್ಗಾದ ಹತ್ತಿರ, ರೋಜಾ ಬಡಾವಣೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಾಳೆ. ಉರುಸಿನ ಸಮಯದಲ್ಲಿ ಅಂಗಡಿ ಬಿಟ್ಟು ಬರಲಾಗದ್ದರಿಂದ ಆಗ ಮಾತ್ರ ನಮ್ಮ ಗೋಲು ಖಾಲಿ. ನಾನು ಗೋಲು ಹೊಡೆಯುವುದು ಆಗಷ್ಟೇ ಅಂತ ಅವಳ ಕುಚೋದ್ಯ.

ಕುಚೋದ್ಯದಲ್ಲಿ ಸತ್ಯವಿತ್ತು. ನನ್ನ ಹೊಡೆತಕ್ಕೆ ಜೀವವೇ ಇರಲಿಲ್ಲ. ಬಿಲ್ಲೆ ನಾನು ನೋಡಿದ ಕಡೆ ಹೋಗುತ್ತಿರಲಿಲ್ಲ, ಹೋದರೂ ದಾರಿಯಲ್ಲೇ ಸುಸ್ತಾಗಿ ನಿಲ್ಲುತ್ತಿತ್ತು. ಕಳೆದ ವರ್ಷವಂತೂ ಎಡಗಡೆ ಬಂದ ಬಿಲ್ಲೆಗೆ ಮೈಯೆಲ್ಲ ತಿರುಚಿ ಕೋಲು ಚಾಚಲು ಹೋಗಿ, ಕೋಲು ನನ್ನ ಕಾಲಿಗೇ ಸಿಕ್ಕಿ, ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡೆ. ಸೇಡಂ ರಸ್ತೆಯ ಡಾಕ್ಟರು ಪ್ಲಾಸ್ಟರ್ ಹಾಕುತ್ತ, “ಯಾವ ಆಟ ಅಂದ್ರಿ?” ಅಂತ ಎರಡು ಸಲ ಕೇಳಿದರು.

ಸುದ್ದಿ ಕೇಳಿ ಕಮಲಾಪುರದಿಂದ ಅತ್ತೆ ಬಂದರು. ಚೀಲದ ತುಂಬ ಅಲ್ಲಿಯ ಕೆಂಪು ಬಾಳೆಹಣ್ಣು. ಪ್ಲಾಸ್ಟರ್ ಬಿಚ್ಚುವ ತನಕ ಇದ್ದರು. ಒಂದೇ ಕೈಯಲ್ಲಿ ಸೀರೆಯ ನಿರಿಗೆ ಹಿಡಿದು ನೋಡಿದ್ದೀರಾ? ಹೆರಳು ಹಾಕಿಕೊಂಡಿದ್ದೀರಾ? ದಿನಾ ಬೆಳಿಗ್ಗೆ ನನ್ನನ್ನು ಸ್ಕೂಲಿಗೆ ಹೋಗುವ ಹುಡುಗಿಯ ಹಾಗೆ ಮುಂದೆ ಕೂರಿಸಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿ ಕಾಲೇಜಿಗೆ ಕಳಿಸಿದರು. “ಈ ವಯಸ್ಸಿನಾಗ ಇದೆಲ್ಲ ಬೇಕೇನು?” ಅನ್ನುವ ಮಾತಿಗಾಗಿ ಕಾದೆ. ಬರಲಿಲ್ಲ. ವಾಪಸ್ ಹೊರಟಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು.

“ಆಟ ಬಿಡು ಅನ್ನಂಗಿಲ್ಲ ಪದ್ಮಾ. ಬೀಳೋದು ಬಿಡು.”

ಕೈ ಕೂಡಿತು. ರಿಂಕಿಗೆ ಮರಳಿದೆ. ಆದರೆ ಈಗ ಹೊಡೆತದ ಜೊತೆಗೆ ಧೈರ್ಯವೂ ಹೋಗಿತ್ತು. ಎಡಗಡೆ ಬಿಲ್ಲೆ ಬಂದರೆ ಮೈ ತಾನೇ ಹಿಂದೆ ಸರಿಯುತ್ತಿತ್ತು. ಅಷ್ಟರಲ್ಲಿ ಕೋಚ್ ಸರ್ ಒಂದು ಆಸೆ ಹುಟ್ಟಿಸಿದರು. ಚಳಿಗಾಲದಲ್ಲಿ ಉತ್ತರದ ಗುಡ್ಡಗಾಡಿನ ಕಡೆ, ನಿಜವಾದ ಐಸ್ ಮೇಲೆ, ನಮ್ಮಂಥ ಹವ್ಯಾಸಿಗಳಿಗೇ ಒಂದು ಕ್ಯಾಂಪು. ದಸರೆಯೊಳಗೆ ಹೆಸರು ಹೇಳಬೇಕು. ಎಲ್ಲರೂ ಹೇಳಿದರು. ನಾನು ಮಾತ್ರ ಹೇಳಲಿಲ್ಲ. ಹೊಸ ಕೋಲು ತಗೊಂಡು ನೋಡುತ್ತೇನೆ, ಆಟ ಸುಧಾರಿಸಿದರೆ ಐಸಿಗೆ, ಇಲ್ಲದಿದ್ದರೆ ಸ್ಕೇಟ್ಸನ್ನು ಅಟ್ಟಕ್ಕೆ ಏರಿಸುತ್ತೇನೆ ಅಂತ ಮನಸ್ಸಿನಲ್ಲೇ ಒಂದು ಕರಾರು ಮಾಡಿಕೊಂಡೆ.

ಶುರುವಾಯಿತು ನೋಡಿ ಸಂಶೋಧನೆ. ಸ್ಟಾಫ್ ರೂಮಿನಲ್ಲಿ ಇಂಟರ್ನಲ್ಸ್ ಪೇಪರ್ ತಿದ್ದುವುದು ಬಿಟ್ಟು ಮೊಬೈಲಿನಲ್ಲಿ ರಿವ್ಯೂ ಓದಿದೆ. ಮರದ ಕೋಲು ಭಾರ, ಆದರೆ ಬಾಳಿಕೆ ಬರುತ್ತದೆ. ಕಾರ್ಬನ್ನಿನದು ಹಗುರ, ಆದರೆ ಒಮ್ಮೆ ಬಿರುಕು ಬಿಟ್ಟರೆ ಮುಗಿಯಿತು. ಕೋಲು ಎಷ್ಟು ಬಾಗುತ್ತದೆ ಅನ್ನುವುದಕ್ಕೂ ಒಂದು ನಂಬರು. ಅದನ್ನು ಆರಿಸಲು ನಮ್ಮ ತೂಕ ಹೇಳಬೇಕು. (ಎರಡು ಕೆಜಿ ಕಡಿಮೆ ಹೇಳಿದೆ. ವೆಬ್‌ಸೈಟಿಗೆ ಏನು ಗೊತ್ತಾಗುತ್ತದೆ?) ಸ್ಕೇಟ್ಸ್ ಹಾಕಿಕೊಂಡು ನಿಂತಾಗ ಕೋಲು ಗದ್ದದ ಹತ್ತಿರ ಬರಬೇಕು, ಉದ್ದವಾದರೆ ಮೇಲಿನ ತುದಿ ಕೊಯ್ಯಬೇಕು. ಹೊಸ ಸಾಮಾನು ತಂದು ಕುಂಕುಮ ಹಚ್ಚುವ ಮನೆಯಲ್ಲಿ ಹುಟ್ಟಿದವಳಿಗೆ ಗರಗಸ ಹಚ್ಚುವ ಮಾತು ಜೀರ್ಣವಾಗಲು ಒಂದು ವಾರ ಬೇಕಾಯಿತು. ಇನ್ನು ಗ್ಲೌಸು, ಮೊಣಕೈ ಪ್ಯಾಡು, ಮುಖಕ್ಕೆ ಜಾಳಿಗೆ ಇರುವ ಹೆಲ್ಮೆಟ್ಟು. ಮದುವೆ ಸೀರೆಗೂ ನಾನು ಇಷ್ಟು ಹೋಲಿಸಿ ನೋಡಿದವಳಲ್ಲ.

ಒಂದು ಪ್ರಶ್ನೆಗೆ ಮಾತ್ರ ಒಂದು ಕ್ಷಣವೂ ಯೋಚಿಸಲಿಲ್ಲ. ಎಡಗೈ ಕೋಲೋ, ಬಲಗೈ ಕೋಲೋ? ಕೆಳಗಿನ ಹಲಗೆ ಒಂದೊಂದರಲ್ಲಿ ಒಂದೊಂದು ಕಡೆ ಬಾಗಿರುತ್ತದೆ. ರೈಟ್ ಒತ್ತಿ ಮುಂದೆ ಹೋದೆ. ಇದೂ ಒಂದು ಪ್ರಶ್ನೆಯೇ? ಬಲಗೈಯಲ್ಲಿ ಬರೆಯುತ್ತೇನೆ, ಬಲಗೈಯಲ್ಲಿ ಉಣ್ಣುತ್ತೇನೆ, ಬಲಗೈಯಲ್ಲಿ ಆರತಿ. ಚಿಕ್ಕಂದಿನಲ್ಲಿ ಎಡಗೈ ಮುಂದೆ ಮಾಡಿದರೆ ತೀರ್ಥ ಕೊಡುವ ಆಚಾರ್ಯರು ಉದ್ಧರಣೆಯನ್ನೇ ಹಿಂದಕ್ಕೆ ತಗೊಳ್ಳುತ್ತಿದ್ದರು. ಫರ್ಜಾನಾಳ ಮನೆಯಲ್ಲೂ ಅಷ್ಟೇ, ಎಡಗೈಯಲ್ಲಿ ಚಹಾ ಕೊಟ್ಟರೆ ಅವಳಮ್ಮ ಕಪ್ಪು ಮುಟ್ಟುತ್ತಿರಲಿಲ್ಲವಂತೆ. ಈ ವಿಷಯದಲ್ಲಿ ನಮ್ಮಿಬ್ಬರ ಅಮ್ಮಂದಿರಿಗೂ ಒಂದೇ ಕಾನೂನು. ಹಾಗಾಗಿ ನಮ್ಮ ಟೀಮಿನಲ್ಲಿ ಎಲ್ಲರ ಕೈಯಲ್ಲೂ ಬಲಗೈ ಕೋಲೇ.

ಕೊನೆಗೆ ಎರಡು ಕೋಲು ಉಳಿದವು. ಒಂದು ಮರದ್ದು, ಕೋಚ್ ಸರ್ ಕೊಟ್ಟಿದ್ದು. ಇನ್ನೊಂದು ಕಾರ್ಬನ್ನಿನದು, ಫರ್ಜಾನಾ ಹೈದರಾಬಾದಿನ ತನ್ನ ಕಸಿನ್ ಹತ್ತಿರ ಕಾಡಿ ಬೇಡಿ ತರಿಸಿದ್ದು. “ನಾಲ್ಕು ದಿನ ಎರಡೂ ಹಿಡದು ನೋಡ್ರಿ ಅಕ್ಕಾ, ಆಮ್ಯಾಲ ಫೈಸಲಾ ಮಾಡ್ರಿ” ಅಂದಳು. ಆ ನಾಲ್ಕು ದಿನದ ಮಧ್ಯೆಯೇ ಕಮಲಾಪುರದಲ್ಲಿ ನವರಾತ್ರಿಗೆ ಮನೆ ತೊಳೆಯುವ ಕೆಲಸ ಬಂತು. ಎರಡೂ ಕೋಲು ಹಿಡಿದು, ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ ಹತ್ತಿದೆ. ಕಂಡಕ್ಟರ್ ಕೋಲುಗಳನ್ನು ನೋಡಿ, “ಮಾವಿನಕಾಯಿ ಹರಿಯೋ ಕೋಲೇನ್ರಿ ಅಕ್ಕಾರ? ಈಗ ಸೀಜನ್ ಇಲ್ಲಲ್ರಿ” ಅಂದರು.

ಅತ್ತೆಯ ಮನೆಯ ಪಡಸಾಲೆಯ ನೆಲಕ್ಕೆ ಶಹಾಬಾದ್ ಕಲ್ಲಿನ ಫರಸಿ. ನೀರು ಚೆಲ್ಲಿ ತಿಕ್ಕಿ ವೈಪರ್‌ನಿಂದ ತಳ್ಳಿದರೆ ಕನ್ನಡಿಯಂತೆ ಹೊಳೆಯುತ್ತದೆ. ಮೈದುನನ ಸಂಸಾರ ಹಬ್ಬದ ಸಂತೆಗೆ ಹೋಗಿತ್ತು. ಅತ್ತೆ ಹೊಸ್ತಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತು ನನ್ನ ಕೋಲುಗಳನ್ನು ನೋಡಿದರು.

“ಎರಡರಾಗ ಯಾವುದು ಛಲೋ?”

“ಅದೇ ತಿಳೀವಲ್ದು ಅತ್ಯಾರ.”

“ಹಿಡದು ತೋರಸು.”

ಸೆರಗು ಸಿಕ್ಕಿಸಿ, ಮೊಣಕಾಲು ಬಗ್ಗಿಸಿ, ಬಲಗೈ ಕೋಲು ಹಿಡಿಯುವ ರೀತಿಯಲ್ಲಿ ಬಲಗೈ ಕೆಳಗೆ ಎಡಗೈ ಮೇಲೆ ಮಾಡಿ ಪೋಸು ಕೊಟ್ಟೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಇದೇನು, ಕೈ ಉಲ್ಟಾ ಹಿಡದಿಯಲ್ಲ?”

“ಉಲ್ಟಾ ಅಲ್ಲ ಅತ್ಯಾರ, ಹಿಂಗೇ ಹಿಡೀಬೇಕು.”

“ಯಾರು ಹೇಳ್ಯಾರ? ನಿಂದು ಎಡಗೈ ಕೆಳಗ ಇರ್ತದ.”

“ಯಾವಾಗ?”

“ವೈಪರ್ ಹಿಡದಾಗ. ಮದುವ್ಯಾಗಿ ಬಂದಾಗಿಂದ ನೋಡ್ಲಿಕತ್ತೀನಿ. ನಾ ನೀರು ತಳ್ಳಿದ್ರ ಬಚ್ಚಲ ಕಡಿಗೆ ಹೋಗ್ತದ, ನೀ ತಳ್ಳಿದ್ರ ಸೀದಾ ದೇವರ ಮನಿ ಕಡಿಗೆ. ಕೈ ಬದಲಸು, ಕೈ ಬದಲಸು ಅಂತ ಎಷ್ಟು ಬಡಕೊಂಡೀನಿ. ಬದಲಿಸಿದಿ ಏನು?”

ನೆನಪಾಯಿತು. ಮದುವೆಯಾದ ಹೊಸದರಲ್ಲಿ ಇದೇ ಪಡಸಾಲೆಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿ, ‘ನೀರು ತಳ್ಳೋದ್ರಾಗೂ ತಪ್ಪು ಹುಡುಕ್ತಾರ’ ಅಂತ ಅಮ್ಮನಿಗೆ ಫೋನಿನಲ್ಲಿ ದೂರು ಹೇಳಿದ್ದೆ.

ಹಾಕಿ ಕೋಲು ಗೋಡೆಗೆ ಆನಿಸಿ, ಮೂಲೆಯಲ್ಲಿದ್ದ ವೈಪರ್ ತಗೊಂಡೆ. ಯೋಚಿಸದೆ ತಗೊಂಡೆ. ಬಲಗೈ ಮೇಲೆ ಹೋಯಿತು, ಎಡಗೈ ಕೆಳಗೆ ಇಳಿಯಿತು. ನೀರು ತಳ್ಳಿದೆ. ಎಷ್ಟು ಸರಾಗ, ಎಷ್ಟು ಜೋರು! ನೀರೆಲ್ಲ ಹೋಗಿ ದೇವರ ಮನೆಯ ಹೊಸ್ತಿಲಿಗೆ ಬಡಿಯಿತು. ಜೇಡರ ಬಲೆ ತೆಗೆಯುವ ಕೋಲು ಹಿಡಿದೆ, ಎಡಗೈ ಕೆಳಗೆ. ಮಾಪ್ ಹಿಡಿದೆ, ಎಡಗೈ ಕೆಳಗೆ. ಅತ್ತೆ, “ಅದೇ ಹೇಳಿದ್ನಲ್ಲ” ಅನ್ನುವ ಮುಖ ಮಾಡಿಕೊಂಡು ಒದ್ದೆಯಾದ ಹೊಸ್ತಿಲು ಒರೆಸಿದರು.

ಕೋಚ್ ಸರ್‌ಗೆ ಫೋನ್ ಮಾಡಿದೆ. ಆ ಕಡೆಯಿಂದ ಮೊದಲು ನಗು ಬಂತು.

“ಮೊದಲನೇ ದಿನಾನೇ ಕೇಳಿದ್ನಲ್ರಿ ಮೇಡಂ, ಎಡಾನೋ ಬಲಾನೋ ಅಂತ. ‘ನಾ ಎಡಚಿ ಅಲ್ಲ ಸರ್’ ಅಂತ ಸಿಟ್ಟಿಗೆ ಬಂದ್ರಿ. ಬರೆಯೋ ಕೈನೇ ಕೆಳಗಿರಬೇಕು ಅಂತ ಏನಿಲ್ರಿ. ಭಾಳ ಮಂದಿಗೆ ಆ ಶಾಣ್ಯಾ ಕೈ ಮ್ಯಾಲಿದ್ರೇ ಕೋಲು ಮಾತು ಕೇಳ್ತದ. ಎಡದ್ದು ಒಂದು ಅದ ನೋಡ್ರಿ ನಮ್ಮ ಕಪಾಟಿನಾಗ. ತಂದಾಗಿಂದ ಯಾರೂ ಮುಟ್ಟಿಲ್ಲ. ಎಲ್ಲಾರಿಗೂ ಬಲಾನೇ ಬೇಕು.”

ಅಂದರೆ ಇಷ್ಟು ದಿನ ನಾನು ಮರವೋ ಕಾರ್ಬನ್ನೋ ಅಂತ ತಲೆ ಕೆಡಿಸಿಕೊಂಡಿದ್ದು, ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು ಲೆದರ್ರೋ ರಬ್ಬರ್ರೋ ಅಂತ ಯೋಚಿಸಿದ ಹಾಗೆ.

ಮುಂದಿನ ಭಾನುವಾರ ಕಪಾಟಿನ ಆ ಎಡಗೈ ಕೋಲು ಹಿಡಿದೆ. ಅದು ಹಗುರವೂ ಅಲ್ಲ, ಒಳ್ಳೆಯ ಕಂಪನಿಯದೂ ಅಲ್ಲ. ಮೇಲೆ ಧೂಳು ಬೇರೆ. ಮೊದಲ ಕೆಲವು ಹೊಡೆತ ಗಾಳಿಗೆ ಹೋದವು. ಆಮೇಲೆ ಒಂದು ಬಿಲ್ಲೆ ಎಡಗಡೆಯಿಂದ ಬಂತು. ಕಳೆದ ವರ್ಷ ಕೈ ಮುರಿಸಿತ್ತಲ್ಲ, ಅದೇ ದಿಕ್ಕಿನಿಂದ. ಈ ಸಲ ಮೈ ತಿರುಚಬೇಕಾಗಲಿಲ್ಲ, ಹಿಂದೆ ಸರಿಯಲೂ ಇಲ್ಲ. ಫರಸಿ ಮೇಲೆ ನೀರು ತಳ್ಳಿದ ಹಾಗೆ ತಳ್ಳಿದೆ. ಬಿಲ್ಲೆ ಹೋಗಿ ಫರ್ಜಾನಾಳ ಕಾಲಿನ ಪ್ಯಾಡಿಗೆ ಟಪ್ ಅಂತ ಬಡಿಯಿತು. ಗೋಲಾಗಲಿಲ್ಲ. ಆದರೆ ಅವಳು ಹೆಲ್ಮೆಟ್ ಎತ್ತಿ ನನ್ನನ್ನೇ ನೋಡಿದಳು.

“ಯಾ ಅಲ್ಲಾ. ಇದನ್ನ ಇಷ್ಟು ದಿನ ಎಲ್ಲಿಟ್ಟಿದ್ರಿ ಅಕ್ಕಾ?”

ಕಮಲಾಪುರದಲ್ಲಿ ಅಂದೆ. ಕಥೆ ಕೇಳಿದ ಮೇಲೆ ಟೀಮಿನವರೆಲ್ಲ ರಿಂಕಿನ ವೈಪರ್ ಹಿಡಿದು ಪರೀಕ್ಷೆ ಮಾಡಿಕೊಂಡರು. ಇನ್ನಿಬ್ಬರು ಎಡದವರು ಹೊರಬಿದ್ದರು. ಈಗ ಆ ಧೂಳು ಹಿಡಿದ ಕೋಲಿಗೆ ಪಾಳಿ ಹಚ್ಚಬೇಕು. ಅವತ್ತೇ ಕ್ಯಾಂಪಿಗೆ ನನ್ನ ಹೆಸರು ಹೇಳಿ ಬಂದೆ.

ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ, ಮತ್ತೆ ಕಮಲಾಪುರಕ್ಕೆ ಹೋದೆ, ಆ ಕೋಲನ್ನೂ ಗ್ಲೌಸನ್ನೂ ತಗೊಂಡು. ಮೈದುನನ ಬೈಕಿನ ಕೀಲಿ, ಅತ್ತೆಯ ಈಳಿಗೆ, ಹೊಲಿಗೆ ಯಂತ್ರದ ಕತ್ತರಿ, ಎಲ್ಲದರ ಪಕ್ಕ ಕೋಲು ಇಟ್ಟೆವು. ನಾನು ಸದ್ದಿಲ್ಲದೆ ವೈಪರ್ ತೊಳೆದು ತಂದು ಅದರ ಪಕ್ಕ ಒರಗಿಸಿದೆ.

“ಅದು ಬ್ಯಾಡ. ಬಚ್ಚಲದ್ದು” ಅಂದರು ಅತ್ತೆ.

“ತೊಳದೀನಿ ಅತ್ಯಾರ. ನನ್ನ ಖರೇ ಗುರು ಅದೇ.”

ಅತ್ತೆಗೆ ನಗು ತಡೆಯಲಾಗಲಿಲ್ಲ. ದೂರದಿಂದಲೇ ಅದರ ಮೇಲೂ ಎರಡು ಕಾಳು ಅಕ್ಷತೆ ಹಾಕಿದರು. ಆಮೇಲೆ ನನ್ನ ಗ್ಲೌಸನ್ನು ಕೈಗೆ ಹಾಕಿಕೊಂಡು, ಮಣಿಕಟ್ಟಿನ ತನಕ ಬರುತ್ತದೋ ಇಲ್ಲವೋ ಅಂತ ಒತ್ತಿ ಒತ್ತಿ ನೋಡಿದರು. ಅವತ್ತು ನಾನು ಅತ್ತೆಗೆ ಹೇಳಬೇಕಾದ್ದನ್ನು ಹೇಳಲಿಲ್ಲ. ಅವರ ಎದುರು ಅಂಥ ಮಾತು ಬಾಯಿಗೆ ಬರುವುದಿಲ್ಲ. ಇಲ್ಲಿ ಹೇಳುತ್ತೇನೆ, ಅವರು ಈ ಪತ್ರಿಕೆ ಓದುತ್ತಾರೆ. ಅತ್ಯಾರ, ನಿಮ್ಮ ಬೈಗುಳಕ್ಕೆ ನಾನು ಋಣಿ. ನೀವು ನನ್ನ ತಪ್ಪು ಹುಡುಕುತ್ತಿದ್ದೀರಿ ಅಂದುಕೊಂಡಿದ್ದೆ. ನೀವು ನನ್ನನ್ನು ನೋಡುತ್ತಿದ್ದಿರಿ.

ವೆಬ್‌ಸೈಟುಗಳು ನನ್ನ ಎತ್ತರ ಕೇಳಿದವು, ತೂಕ ಕೇಳಿದವು, ಇಷ್ಟದ ಬಣ್ಣ ಕೇಳಿದವು. ನಾನು ಕೊಟ್ಟ ಉತ್ತರವನ್ನೇ ಕಣ್ಣುಮುಚ್ಚಿ ನಂಬಿದವು. ನನ್ನ ಮಾತು ನಂಬದೆ ಕೈ ನೋಡಿದವರು ಅತ್ತೆ ಒಬ್ಬರೇ. ನೀವೂ ಏನನ್ನೋ ಉಲ್ಟಾ ಹಿಡಿದುಕೊಂಡು, ನನ್ನಿಂದ ಆಗುವುದಿಲ್ಲ ಅಂತ ಅಟ್ಟಕ್ಕೆ ಏರಿಸಲು ಹೊರಟಿರಬಹುದು. ಸ್ವಲ್ಪ ತಡೆಯಿರಿ.

ವೈಪರ್ ಹಿಡಿದಾಗ ನಿಮ್ಮ ಯಾವ ಕೈ ಕೆಳಗಿರುತ್ತದೆ ಅನ್ನುವುದು ನಿಮ್ಮ ಮನೆಯಲ್ಲಿ ಯಾರಿಗೆ ಗೊತ್ತಿದೆ?