ಹೆಸರು ಕೊರೆಸಿಕೊಂಡ ಉಳಿತಾಯ

ನನಗೊಂದು ಹಳೆಯ ಸ್ಕೂಟರ್ ಬೇಕಾಗಿತ್ತು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದೆ, ನವನಗರದ ಮನೆಯಿಂದ ಬಸ್ಸು ಹಿಡಿದು ತಲುಪುವಷ್ಟರಲ್ಲಿ ಮೊದಲ ತರಗತಿ ಅರ್ಧ ಮುಗಿದಿರುತ್ತಿತ್ತು. ಸಹಪಾಠಿಯೊಬ್ಬಳು ತನ್ನ ಸ್ಕೂಟರನ್ನು ಮಾರುವವಳಿದ್ದಳು. ನನಗಾಗಿ ಒಂದು ವಾರ ಕಾಯುವುದಾಗಿ ಹೇಳಿದ್ದಳು. ಮನೆಯಲ್ಲಿ ಹಣ ಕೇಳಲು ನನಗೆ ಸಂಕೋಚವಿರಲಿಲ್ಲ. ನಾನು ಕೇಳುತ್ತಿದ್ದುದು ನನ್ನದೇ ಹಣವನ್ನು.

ಹಬ್ಬಕ್ಕೆ, ಜವಳಕ್ಕೆ ಬಂದ ನೆಂಟರು ಹೊರಡುವಾಗ ಮಕ್ಕಳ ಕೈಯಲ್ಲಿ ನೋಟು ಇಡುವುದು ನಮ್ಮಲ್ಲಿ ರೂಢಿ. ಸುಳ್ಳ ಊರಿನ ಅಜ್ಜಿಯಂತೂ ನನಗೂ ತಮ್ಮನಿಗೂ ಕೊಡುವ ನೋಟುಗಳನ್ನು ಒಂದರ ಪಕ್ಕ ಒಂದಿಟ್ಟು, ಸಮವಿವೆಯೇ ಎಂದು ನೋಡಿಯೇ ಕೊಡುತ್ತಿದ್ದಳು. ಆಕೆ ಹೊಸ್ತಿಲು ದಾಟುವ ಮೊದಲೇ ಅವೆರಡೂ ಅವ್ವನ ಕೈ ಸೇರುತ್ತಿದ್ದವು. ತಮ್ಮನ ಪಾಲು ಬ್ಯಾಂಕಿನಲ್ಲಿ ಠೇವಣಿಯಾಗಿ ಬೆಳೆದಿತ್ತು. ಅದನ್ನು ಮುರಿಸಿ ಅವನು ಬೈಕ್ ಕೊಳ್ಳುವವನಿದ್ದ. ನನ್ನ ಪಾಲು ಎಲ್ಲಿದೆ ಎಂದು ಕೇಳಿದೆ. ಅವ್ವ ಹೆಮ್ಮೆಯಿಂದ ಅಟ್ಟದ ಕಡೆ ಕೈ ತೋರಿದಳು.

ಆ ಭಾನುವಾರ ಬೆಳಿಗ್ಗೆ ತಮ್ಮ ಅಟ್ಟ ಹತ್ತಿ ನನ್ನ ಬಾಲ್ಯವನ್ನು ಒಂದೊಂದಾಗಿ ಕೆಳಗಿಳಿಸಿದ. ಸ್ಟೀಲಿನ ಡಬರಿಗಳು, ಡಬ್ಬಿಗಳು, ಊರೂಟಕ್ಕೆ ಹಿಟ್ಟು ನಾದುವಷ್ಟು ಅಗಲದ ಪರಾತ, ಪೆಟ್ಟಿಗೆಯನ್ನೇ ಬಿಚ್ಚದ ಎರಡು ಕುಕ್ಕರುಗಳು. ಪಡಸಾಲೆಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. ಎಲ್ಲದರ ಮೇಲೂ ಅಂಗಡಿಯವನು ಯಂತ್ರದಿಂದ ನನ್ನ ಹೆಸರು ಕೊರೆದಿದ್ದ.

“ಎಲ್ಲಾ ನಿನ್ನವ. ಒಂದ ಚಮಚಾ ಸುದ್ದಾ ನಾ ಮುಟ್ಟಿಲ್ಲ” ಎಂದಳು ಅವ್ವ.

ನಾನು ಕೇಳಿದ್ದು ರೊಕ್ಕವನ್ನೆಂದು ನೆನಪಿಸಿದೆ.

“ರೊಕ್ಕ ಖರ್ಚಾಗಿ ಹೋಗ್ತಾವ. ಪಾತ್ರಿ ಖರ್ಚಾಗ್ತಾವೇನು?”

ಅಷ್ಟರಲ್ಲಿ ತಮ್ಮ ಪರಾತದ ಧೂಳು ಒರೆಸುತ್ತ, ನನ್ನ ಹೆಸರಿನ ಮುಂದೆ ಇಷ್ಟು ಜಾಗ ಖಾಲಿ ಬಿಟ್ಟದ್ದೇಕೆಂದು ಕೇಳಿದ. ಅಳಿಯನ ಹೆಸರಿಗೆ ಎಂದಳು ಅವ್ವ, ಕಿಂಚಿತ್ತೂ ಅಳುಕದೆ. ತಮ್ಮ ನಗುತ್ತ ಡಬರಿಗಳ ಮೇಲೆಯೇ ಉರುಳಿದ. ಆ ಸದ್ದಿಗೆ ಪಕ್ಕದ ಮನೆಯವರು ಕಿಟಕಿಗೆ ಬಂದರು. ಕೋಪದಿಂದ ಎದ್ದುನಿಂತ ನನಗೂ ನಗು ತಡೆಯಲಾಗಲಿಲ್ಲ, ನಗುತ್ತಲೇ ಜಗಳವಾಡಿದೆ. ಈ ಮನೆಯಲ್ಲಿ ಯಾರೂ ಏನನ್ನೂ ಕದ್ದಿರಲಿಲ್ಲ. ನನ್ನನ್ನು ಕೆರಳಿಸಿದ್ದೇ ಅದು: ಅನ್ಯಾಯ ಆಗಿತ್ತು, ಉತ್ತರ ಕೊಡಬೇಕಾದವರು ಮಾತ್ರ ಇರಲಿಲ್ಲ.

ಮಾರಿಬಿಡೋಣವೆಂದು ಮಾದರಿಗೆ ಪರಾತವನ್ನು ತಮ್ಮನ ತೊಡೆಯ ಮೇಲಿಟ್ಟು ಬಸ್ಸಿನಲ್ಲಿ ದುರ್ಗದಬೈಲಿನ ಪೇಟೆಗೆ ಹೋದೆವು. ಪಾತ್ರೆ ಅಂಗಡಿಯವರು ಹೆಸರು ನೋಡಿ ತಲೆಯಾಡಿಸಿದರು. ಬೇರೆಯವರ ಹೆಸರು ಬಿದ್ದದ್ದನ್ನು ಯಾರೂ ಕೊಳ್ಳುವುದಿಲ್ಲ, ಬೇಕಾದರೆ ಹಳೆಯ ಸ್ಟೀಲಿನ ತೂಕಕ್ಕೆ ಹಾಕಿಕೊಳ್ಳುತ್ತೇವೆ ಎಂದರು. ಆ ದರಕ್ಕೆ ಸ್ಕೂಟರಿನ ಒಂದು ಗಾಲಿಯೂ ಬರುತ್ತಿರಲಿಲ್ಲ.

ಮನೆಗೆ ಮರಳಿ ಅಪ್ಪನನ್ನು ಪಾತ್ರೆಗಳ ನಡುವೆ ಕೂರಿಸಿ ವಿಚಾರಣೆ ಶುರು ಮಾಡಿದೆ. ಇಬ್ಬರೂ ಮಕ್ಕಳು ತನಗೆ ಒಂದೇ ಸಮ ಎಂದು ಅಪ್ಪ ಹೇಳಿದ. ಹಾಗಾದರೆ ಠೇವಣಿಯಲ್ಲಿ ಅರ್ಧ ನನಗೆ, ಪಾತ್ರೆಗಳಲ್ಲಿ ಅರ್ಧ ಅವನಿಗೆ ಎಂದೆ. ತಮ್ಮನ ನಗು ಅಲ್ಲಿಗೆ ನಿಂತಿತು.

“ಅಕ್ಕಾ, ನಿನ್ನ ಹೆಸರಿನ ಡಬರಿ ತಗೊಂಡು ನಾ ಏನು ಮಾಡ್ಲಿ?”

“ನಾ ಏನು ಮಾಡಬೇಕಿತ್ತೋ ಅದನ್ನ ಮಾಡು.”

ಅಪ್ಪ ಅವ್ವನ ಮುಖ ನೋಡಿದ. ನಾನು ಅವ್ವನನ್ನು ಒಂದೇ ಪ್ರಶ್ನೆ ಕೇಳಿದೆ: ತವರಿನಿಂದ ಆಕೆ ತಂದ ಪಾತ್ರೆಗಳನ್ನು ಯಾರ ರೊಕ್ಕದಿಂದ ಕೊಂಡದ್ದು? ಅವ್ವ ಪಕ್ಕದ ಡಬರಿಯನ್ನು ಹತ್ತಿರ ಎಳೆದುಕೊಂಡು ಅದರ ಮೇಲಿನ ಹೆಸರನ್ನು ಬೆರಳಿನಿಂದ ಸವರಿದಳು. ಚಿಕ್ಕಂದಿನಲ್ಲಿ ತನ್ನ ಕೈಗೆ ಬಂದ ನೋಟುಗಳು ಏನಾದವೆಂದು ಆಕೆ ಎಂದೂ ವಿಚಾರಿಸಿರಲಿಲ್ಲ.

“ನನ್ನ ರೊಕ್ಕಾನ ಇರಬೇಕು” ಎಂದಳು ಕೊನೆಗೆ. ಅನಂತರ ಎದ್ದು, ಎರಡು ಕುಕ್ಕರುಗಳಲ್ಲಿ ಒಂದನ್ನು ಎತ್ತಿ ಮಗನ ಮುಂದಿಟ್ಟಳು. “ಹಿಡಿ. ಇದು ನಿಂದು.”

ಮುಂದಿನದು ಸಂತೆಯೇ ಆಯಿತು. ಒಂದು ಪಾತ್ರೆ ನಾನು ಆರಿಸಿದರೆ ಒಂದು ಅವನು. ಮೊದಮೊದಲು ಮುಖ ಗಂಟಿಕ್ಕಿದವನು ಹತ್ತು ನಿಮಿಷದಲ್ಲಿ ಪರಾತಕ್ಕಾಗಿ ನನ್ನೊಡನೆ ಕಿತ್ತಾಡತೊಡಗಿದ. ಬಿಟ್ಟುಕೊಟ್ಟೆ. ಬಾಯಿಮಾತು ಸಾಲದೆಂದು ಒಪ್ಪಂದವನ್ನು ಬರೆದು ಅಪ್ಪನ ಸಹಿ ಹಾಕಿಸಿಕೊಂಡೆ. ಅವ್ವನೂ ಕೇಳದೆಯೇ ಕೆಳಗೊಂದು ಸಹಿ ಹಾಕಿದಳು.

ಸೋಮವಾರ ತಮ್ಮನೊಡನೆ ನಾನೂ ಬ್ಯಾಂಕಿಗೆ ಹೋದೆ. ಅವಧಿಗೆ ಮುನ್ನವೇ ಠೇವಣಿ ಮುರಿಸುತ್ತಿರುವುದೇಕೆಂದು ಗುಮಾಸ್ತರು ಕೇಳಿದರು.

ತಮ್ಮ ಒಮ್ಮೆ ನನ್ನ ಕಡೆ ನೋಡಿ ಗಂಭೀರವಾಗಿ ಹೇಳಿದ, “ಪಾತ್ರಿ ತಗೊಂಡೇನ್ರಿ.”