ಹುಳುಮನೆಯಲ್ಲಿ ಹತ್ತು ಸೆಕೆಂಡು

ಶ್ರೀನಿವಾಸಪುರದ ಬಸ್ ನಿಲ್ದಾಣದ ಹಿಂದಿರುವ ನನ್ನ ಸ್ಟುಡಿಯೋದ ಗೋಡೆಯ ಮೇಲೆ ಒಂದೇ ಒಂದು ದೊಡ್ಡ ಫೋಟೋ ಇದೆ. ನಮ್ಮಕ್ಕನದು. ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನ ಬಲಗೈ ನೋಡುತ್ತಾರೆ, ಆಮೇಲೆ ಮರ್ಯಾದೆಗೆ ಸುಮ್ಮನಾಗುತ್ತಾರೆ. ಆ ಫೋಟೋ ಅಲ್ಲಿಗೆ ಬಂದದ್ದು ಹೀಗೆ.

ಇಪ್ಪತ್ತು ವರ್ಷಕ್ಕೂ ಮೇಲೆ ಮದುವೆ ಫೋಟೋ ತೆಗೆದವನು ನಾನು. ಹಾರ ಹಾಕುವಾಗ ಹುಡುಗಿ ಯಾವಾಗ ಕಣ್ಣೆತ್ತುತ್ತಾಳೆ, ಮೂರನೇ ಗಂಟಿಗೆ ಹುಡುಗ ಯಾವಾಗ ಉಸಿರು ಬಿಡುತ್ತಾನೆ ಎಂದು ನನಗೆ ಮೊದಲೇ ತಿಳಿಯುತ್ತಿತ್ತು. ಜಂಬ ಅಂದರೆ ಜಂಬವೇ. ಹೋದ ವರ್ಷ ಬಲಗೈ ಅದುರಲು ಶುರುವಾಯಿತು. ಮೊದಲು ಕಾಫಿ ಲೋಟದಲ್ಲಿ ಗೊತ್ತಾಯಿತು, ಆಮೇಲೆ ಕ್ಯಾಮೆರಾದಲ್ಲಿ. ಕೋಲಾರದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಭಯಪಡುವಂಥದ್ದೇನಿಲ್ಲ, ಆದರೆ ಪೂರ್ತಿ ಹೋಗುತ್ತದೆ ಎಂದು ಹೇಳಲಾರೆ ಎಂದರು.

ಫ್ಲಾಶ್ ಇದ್ದರೆ ಹೇಗೋ ನಡೆಯುತ್ತಿತ್ತು. ಕೈ ಅದುರುವಷ್ಟರಲ್ಲಿ ಅದು ಮಿಂಚಿ ಮುಗಿದಿರುತ್ತದೆ. ಮುಳಬಾಗಿಲ ಕಡೆಯ ಒಂದು ದೇವಸ್ಥಾನದ ಮದುವೆಯಲ್ಲಿ ಪೂಜಾರಿಗಳು ಫ್ಲಾಶ್ ಬೇಡವೆಂದುಬಿಟ್ಟರು. ಇದ್ದದ್ದು ದೀಪದ ಬೆಳಕು. ಅಷ್ಟು ಬೆಳಕಿನಲ್ಲಿ ಚಿತ್ರ ಬರಬೇಕಾದರೆ ಕ್ಯಾಮೆರಾದ ಶಟರ್ ಕೊಂಚ ಹೊತ್ತು ತೆರೆದೇ ಇರಬೇಕು, ಅಷ್ಟು ಹೊತ್ತೂ ಕೈ ಅಲುಗಬಾರದು. ಮನೆಗೆ ಬಂದು ನೋಡಿದರೆ ಹುಡುಗಿಯ ಕೊರಳಲ್ಲಿ ಎರಡು ತಾಳಿ, ಹುಡುಗನಿಗೆ ನಾಲ್ಕು ಕಣ್ಣು. ಹುಡುಗಿಯ ತಂದೆ ಬೈಯಲಿಲ್ಲ. "ಪರ್ವಾಗಿಲ್ಲ ಬಿಡಿ, ಫೋನಲ್ಲಿ ಯಾರೋ ತೆಗ್ದಿದಾರೆ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಪ್ಪಿಕೊಂಡಿದ್ದ ಮದುವೆಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟು ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದೆ. ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಸ್ಟ್ಯಾಂಡಿನ ಮೇಲೆ ಕೂರಿಸಿದ ಇನ್ನೊಂದು ಕ್ಯಾಮೆರಾ ಇದೆ, ಊಟಕ್ಕೇನೂ ಕೊರತೆಯಾಗಲಿಲ್ಲ. ಆದರೆ ಇನ್ನು ನಾನು ಫೋಟೋಗ್ರಾಫರ್ ಅಲ್ಲ ಎನ್ನುವುದು ಮನಸ್ಸಿನಲ್ಲಿ ಕೂತುಬಿಟ್ಟಿತು.

ಕೆಲಸವಿಲ್ಲದ ಹೊತ್ತಿನಲ್ಲಿ ಫೋನ್ ಹಿಡಿದು ಲೋಕದವರೆಲ್ಲ ತೆಗೆದ ಚಿತ್ರಗಳನ್ನು ನೋಡುತ್ತಿದ್ದೆ. ಹೊಟ್ಟೆ ಉರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಒಂದರಲ್ಲಿ ಯಾವುದೋ ಮರಳುಗಾಡಿನ ಮೇಲೆ ನಕ್ಷತ್ರಗಳು ಬಳೆಗಳ ಹಾಗೆ ಸುತ್ತಿದ್ದವು. ಗಂಟೆಗಟ್ಟಲೆ ಶಟರ್ ತೆರೆದಿಟ್ಟು ತೆಗೆದದ್ದು. ಇನ್ನೊಂದು ಪ್ಯಾರಿಸ್ಸಿನದು, ಫೋಟೋ ತೆಗೆಯುವ ವಿದ್ಯೆ ಹುಟ್ಟಿದ ಹೊಸತರಲ್ಲಿ ತೆಗೆದದ್ದು. ಹಾಡುಹಗಲು, ದೊಡ್ಡ ಬೀದಿ, ಆದರೆ ಜನವೇ ಇಲ್ಲ. ಆ ಕಾಲದ ಕ್ಯಾಮೆರಾಗೆ ನಿಮಿಷಗಳೇ ಬೇಕಿತ್ತಂತೆ. ನಡೆಯುತ್ತಿದ್ದ ಜನ, ಓಡುತ್ತಿದ್ದ ಗಾಡಿ ಎಲ್ಲ ಅಳಿಸಿಹೋಗಿ, ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತವನೊಬ್ಬ ಉಳಿದುಕೊಂಡಿದ್ದ. ಅಲುಗಾಡುವವನಿಗೆ ಇಲ್ಲಿ ಜಾಗವಿಲ್ಲ ಎಂದು ಅವನು ನನಗೇ ಹೇಳಿದ ಹಾಗಿತ್ತು.

ನಮ್ಮಕ್ಕನನ್ನು ಕೊಟ್ಟಿರುವುದು ಯಲ್ದೂರಿನಾಚೆಯ ಒಂದು ಹಳ್ಳಿಗೆ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಇದೇ ಅವಳ ಬದುಕು. ಬಾಯಿ ಅಂದರೆ ಬಾಯಿ. ಗಂಡನ ಮನೆಯವರನ್ನು ತೆಲುಗಿನಲ್ಲಿ ಬೈಯುತ್ತಾಳೆ, ತವರಿನವರನ್ನು ಕನ್ನಡದಲ್ಲಿ, ನನ್ನನ್ನು ಎರಡರಲ್ಲೂ. ಒಂದು ದಿನ ಫೋನ್ ಮಾಡಿದಳು.

"ಏಮಿರಾ, ಬದ್ಕಿದ್ಯಾ? ಹುಳ ಹಣ್ಣಾಗವೆ, ಗೂಡು ಕಟ್ಟಕ್ಕೆ ಬಿಡ್ತಿದೀವಿ. ನಾಳೆ ಕ್ಯಾಮೆರಾ ತಗೊಂಡ್ ಬಾ."

"ಯಾಕಕ್ಕ?"

"ಊರೋರ ಮದ್ವೆಯೆಲ್ಲ ತೆಗ್ದಿದೀಯ. ಹುಳದ ಜೊತೆ ನಂದೊಂದು ಫೋಟೋ ಐತೇನೋ?"

"ಫೋನಲ್ಲಿ ತೆಗೆಸ್ಕೋ. ನನ್ ಕೈ ಗೊತ್ತಲ್ಲ ನಿಂಗೆ."

"ಕೈ ಯಾವನ್ಲಾ ಕೇಳ್ದ? ಕ್ಯಾಮೆರಾ ತಗೊಂಡ್ ಬಾ ಅಂದೆ."

ನನಗೆ ಆಶ್ಚರ್ಯವಾಯಿತು. ಹುಳುಮನೆಗೆ ಅವಳು ಹೊರಗಿನವರನ್ನು ಬಿಡುವವಳಲ್ಲ. ಸೋಂಕಿನ ಭಯ, ದೃಷ್ಟಿಯ ಭಯ, ಎರಡೂ ಇವೆ. ಸ್ವಂತ ಮೈದುನನನ್ನೇ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿ ಕಳಿಸಿದವಳು. ನನ್ನನ್ನೂ ಸುಮ್ಮನೆ ಬಿಡಲಿಲ್ಲ. ಘಮಘಮ ಅನ್ನುತ್ತಿದ್ದ ಪೌಡರ್ ತೊಳೆಸಿದಳು, ಬಾವನ ಒಗೆದ ಪಂಚೆ ಉಡಿಸಿದಳು, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಸಿದಳು. ಊರೂರು ಛತ್ರಗಳ ಧೂಳು ಮೆತ್ತಿದೆ ಎಂದು ಬ್ಯಾಗು, ಸ್ಟ್ಯಾಂಡು ಎರಡನ್ನೂ ಹೊರಗೇ ಇಡಿಸಿದಳು.

"ಲೈಟ್ ಗೀಟ್ ಬಿಟ್ಟೀಯ, ಹುಷಾರು. ಹುಳ ಎಲ್ಲಾ ಕತ್ಲೆ ಕಡೆ ಓಡಿ ಒಂದೇ ಗೂಡಲ್ಲಿ ಎರಡೆರಡು ಸೇರ್ಕೊಂತವೆ. ಕೈ ಮುರೀತೀನಿ."

"ಮುರಿ. ಹೆಂಗೂ ಉಪಯೋಗಕ್ ಬರಲ್ಲ."

"ಬಾಯ್ ಮುಚ್ಕೊಂಡು ಒಳಗ್ ಬಾರೋ."

ಒಳಗೆ ಮಬ್ಬು. ಗೋಡೆಯುದ್ದಕ್ಕೂ ಚಂದ್ರಿಕೆಗಳನ್ನು, ಎಂದರೆ ಹುಳುಗಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳನ್ನು, ಒರಗಿಸಿದ್ದರು. ಹುಳುಗಳು ಮೈಯನ್ನು ಒಂದು ಕಡೆ ಊರಿಕೊಂಡು ತಲೆಯನ್ನು ಮಾತ್ರ ಅತ್ತ ಇತ್ತ ತಿರುಗಿಸುತ್ತ ನೂಲು ಬಿಡುತ್ತಿದ್ದವು. ಫ್ಲಾಶಿಲ್ಲ, ಸ್ಟ್ಯಾಂಡಿಲ್ಲ, ದೇವಸ್ಥಾನಕ್ಕಿಂತ ಕಡಿಮೆ ಬೆಳಕು. ಆಗ ಮರಳುಗಾಡಿನ ನಕ್ಷತ್ರಗಳು ನೆನಪಾದವು. ಅಲ್ಲಿ ಯಾರೂ ಕ್ಯಾಮೆರಾ ಹಿಡಿದುಕೊಂಡು ನಿಂತಿರಲಿಲ್ಲವಲ್ಲ. ಒಂದು ಸೊಪ್ಪಿನ ಬುಟ್ಟಿ ಬೋರಲು ಹಾಕಿ, ಮೇಲೆ ಟವೆಲ್ ಮಡಿಸಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿದೆ. ಶಟರ್ ಹತ್ತು ಸೆಕೆಂಡು ತೆರೆದಿರುವ ಹಾಗೆ ಮಾಡಿದೆ. ಬಟನ್ ಒತ್ತಿದರೂ ಅಲುಗುತ್ತದೆಂದು ಟೈಮರ್ ಇಟ್ಟೆ.

"ಅಕ್ಕ, ಗೋಡೆಗೆ ಒರಗಿ ಕಲ್ಲಿನ ಹಾಗೆ ನಿಂತ್ಕೋ. ಅಲುಗಾಡ್ಬೇಡ, ಮಾತಾಡ್ಬೇಡ."

"ಆಯ್ತು ಕಣೋ."

ಟೈಮರ್ ಒತ್ತಿ ಹಿಂದೆ ಸರಿದು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಮದುವೆ ಫೋಟೋದವನಿಗೆ ಹಾಗೆ ಕೈಕಟ್ಟಿ ನಿಲ್ಲುವ ಅಭ್ಯಾಸವೇ ಇಲ್ಲ, ಏನು ಮಾಡಬೇಕೆಂದು ತೋಚಲಿಲ್ಲ.

ಚಿತ್ರ ಬಂತು. ಬಿದಿರಿನ ಒಂದೊಂದು ಸೀಳೂ ಸ್ಪಷ್ಟ. ಹುಳುಗಳ ಮೈ ಸ್ಪಷ್ಟ, ತಲೆಯಿದ್ದಲ್ಲೆಲ್ಲ ಒಂದು ಚಿಟಿಕೆ ಬಿಳಿ ಹೊಗೆ. ಅಕ್ಕನ ಸೀರೆಯ ನೆರಿಗೆ, ಬಳೆ, ನೆರೆತ ಕೂದಲು, ಯಾವುದೂ ಎರಡಾಗಿರಲಿಲ್ಲ. ಎಷ್ಟು ತಿಂಗಳಾಗಿತ್ತೋ ಅಂಥದ್ದನ್ನು ಕಂಡು. ಕುಣಿಯಬೇಕು ಅನ್ನಿಸಿತು. ದೊಡ್ಡದು ಮಾಡಿ ನೋಡಿದೆ. ಅವಳ ಬಾಯಿ ಮಾತ್ರ ಕಲಸಿಹೋಗಿತ್ತು. ನನಗೆ ರೇಗಿತು.

"ಹತ್ತು ಸೆಕೆಂಡು ಸುಮ್ನಿರಕ್ಕೂ ಆಗಲ್ವೇನಕ್ಕ ನಿಂಗೆ? ಏನ್ ಮಾತಾಡ್ತಿದ್ದೆ?"

"ನಾನೆಲ್ಲಿ ಮಾತಾಡ್ದೆ?"

ತೋರಿಸಿದೆ. ಸಿಕ್ಕಿಬಿದ್ದವಳು ಸೆರಗು ಸರಿಮಾಡಿಕೊಂಡಳು.

"ಮನ್ಸಲ್ಲೇ ಅನ್ಕೊಂಡೆ ಕಣೋ, ತುಟಿ ಆಡಿರ್ಬೇಕು. ನನ್ ತಮ್ಮನ ಕೈ ಹತ್ತು ಸೆಕೆಂಡು ನಿಲ್ಸಪ್ಪಾ ಅಂತ ದೇವ್ರಿಗೆ ಹೇಳ್ತಿದ್ದೆ."

"ಕೈ ಕ್ಯಾಮೆರಾ ಮೇಲೆ ಇರ್ಲೇ ಇಲ್ವಲ್ಲಕ್ಕ!"

"ನಂಗೇನೋ ಗೊತ್ತು? ಬೆನ್ನಿಂದೆ ಕಟ್ಕೊಂಡ್ಯಲ್ಲ, ಅದುರ್ದಂಗೆ ಬಿಗಿಯಾಗಿ ಹಿಡ್ಕೊಂಡಿದೀಯ ಅಂದ್ಕೊಂಡೆ."

ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. ಅಲ್ಲೇ ಬುಟ್ಟಿಯ ಪಕ್ಕ ಕೂತುಬಿಟ್ಟೆ. ಫೋಟೋ ಬೇಕೆಂದು ಅವಳು ಕರೆದದ್ದಲ್ಲ ಎನ್ನುವುದು ಆಗ ತಲೆಗೆ ಹೋಯಿತು. "ಹುಳದ್ಮನೇಲಿ ಅಳ್ಬಾರ್ದು, ಏಳೋ. ಇನ್ನೊಂದು ತೆಗಿ, ಈ ಸಲ ತುಟಿ ಕಚ್ಕೊಂಡಿರ್ತೀನಿ" ಎಂದಳು. ತೆಗೆದೆ. ತುಟಿ ಕಚ್ಚಿಕೊಂಡಿರುವ ಆ ಚೆಂದದ ಫೋಟೋ ಅವಳ ಮನೆಯಲ್ಲಿದೆ. ಮೊದಲನೆಯದನ್ನು ನಾನು ಇಟ್ಟುಕೊಂಡೆ.

ಕೈ ಈಗಲೂ ಅದುರುತ್ತದೆ. ಮದುವೆಗಳಿಗೆ ಮತ್ತೆ ಹೋಗುತ್ತೇನೆ, ಸ್ಟ್ಯಾಂಡ್ ಹೊತ್ತುಕೊಂಡು. ಓಡಾಡಿ ತೆಗೆಯುವುದನ್ನು ಇನ್ನೊಬ್ಬ ಫೋಟೋಗ್ರಾಫರ್ ನೋಡಿಕೊಳ್ಳುತ್ತಾನೆ. ನಾನು ದೀಪದ ಬೆಳಕಿನಲ್ಲಿ ಕೂತ ಅಜ್ಜಿಯರನ್ನು, ತೊಡೆಯ ಮೇಲೆ ನಿದ್ದೆಹೋದ ಮಕ್ಕಳನ್ನು ನಿಧಾನವಾಗಿ ತೆಗೆಯುತ್ತೇನೆ. ಇಷ್ಟು ಉಳಿದದ್ದು ಅಕ್ಕನಿಂದ. ಅವಳೆದುರು ಹೇಳಿದರೆ ಎರಡು ಭಾಷೆಯಲ್ಲೂ ಬೈಸಿಕೊಳ್ಳಬೇಕು, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಮೊನ್ನೆ ನಂಗಲಿಯಿಂದ ಲಾರಿ ಮಾಲೀಕರೊಬ್ಬರು ಫೋಟೋ ತೆಗೆಸಲು ಬಂದಿದ್ದರು. ಗೋಡೆ ನೋಡಿದರು, ನನ್ನ ಕೈ ನೋಡಿದರು, ಆದರೆ ಉಳಿದವರ ಹಾಗೆ ಸುಮ್ಮನಾಗಲಿಲ್ಲ.

"ಬೇಜಾರ್ ಮಾಡ್ಕೋಬೇಡಿ ಸಾರ್. ಆಯಮ್ಮನ ಬಾಯಿ ಹತ್ರ ನಿಮ್ ಕೈ ಅದುರ್ಬಿಟ್ಟೈತೆ."

"ನನ್ ಕೈ ಅಲ್ಲ ಸಾರ್ ಅದು," ಎಂದೆ. "ನಮ್ಮಕ್ಕ ನನಗೋಸ್ಕರ ದೇವ್ರನ್ನ ಕೇಳ್ಕೊಂತಿರೋದು."

ಅವರು ಚಪ್ಪಲಿ ಬಿಟ್ಟು, ಹತ್ತಿರ ಹೋಗಿ ಇನ್ನೊಂದು ಸಲ ನೋಡಿದರು.